ಶೈಲಾ ಉಸಿರು ಬಿಡಲಿಲ್ಲ

೩೦ ಜುಲೈ ೨೦೨೫, ಬುಧವಾರ

ಪಂಚಮಿ ಮುಗಿದ ಮರುದಿನ ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬಕ್ಕೆಂದು ಮುಂದೂಡಿದವರೆಲ್ಲ ಇವತ್ತೇ ಬಂದಿದ್ದರು. ಇವತ್ತೂ ಲಿಂಗಪೂಜೆ ಆಗಲಿಲ್ಲ. ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಬಸ್ಸಿಗೆ ಓಡಿದೆ. ಶ್ರಾವಣದಲ್ಲಾದರೂ ಹತ್ತು ನಿಮಿಷ ಕೂಡುತ್ತೇನೆ ಅಂದುಕೊಂಡಿದ್ದೆ. ಅಂದುಕೊಳ್ಳುವುದಕ್ಕೇನು ಖರ್ಚೇ?

ಮಧ್ಯಾಹ್ನ ಇಳಕಲ್ಲಿನ ಇಂದ್ರಾಬಾಯಿ ಅನ್ನುವವರು ಸೊಸೆಯನ್ನು ಹೃದಯದ ಸ್ಕ್ಯಾನಿಗೆ ಕರೆದುಕೊಂಡು ಬಂದರು. ಬಾಗಿಲಲ್ಲೇ ಕೇಳಿದರು: "ಲಿಂಗ ತಗಸದ ಮೇಡಮ್ಮಾರು ಇಲ್ಲೆ ಅದಾರಂತಲ್ರಿ? ಅವರ ಕಡಿಂದನ ಮಾಡಸ್ಬೇಕು ನಾವು." ನಮ್ಮ ನರ್ಸ್ ಅಫ್ಸಾನಾ ನನ್ನ ಕಡೆ ನೋಡಿ ನಕ್ಕಳು. "ನಿಮ್ಮ ಹೆಸರು ಇಳಕಲ್ ತನಕಾ ಹೋಗೇದ ನೋಡ್ರಿ ಭುವನಕ್ಕಾ. ಇನ್ನ ಎಲೆಕ್ಷನ್ನಿಗೆ ನಿಲ್ರಿ."

ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮುದುಕಿಗೆ, ಬೆಳ್ಳಿ ಅಡ್ಡ ಬಂದರೆ ಚಿತ್ರ ಕೆಡುತ್ತದೆ, ಲಿಂಗ ತೆಗೆದಿಡಿ ಅಂದಿದ್ದೆ. "ಪ್ರಾಣ ತಗದಿಡು ಅಂದಾಂಗ ಆತವ್ವ" ಅಂತ ಆಕೆ ಅತ್ತುಬಿಟ್ಟಳು. ಅವತ್ತೇ ನನ್ನದೊಂದು ಪದ್ಧತಿ ಮಾಡಿಕೊಂಡೆ. ಮೊದಲು ಅಳತೆಗಾಗಿ ಒಂದು ಸಾದಾ ಚಿತ್ರ ತೆಗೆಯುತ್ತೇವಲ್ಲ, ಆಗ ಲಿಂಗ ಎದೆಯ ಮೇಲೇ ಇರಲಿ. ಮುಖ್ಯ ಸ್ಕ್ಯಾನಿನ ಹೊತ್ತಿಗೆ ಮಾತ್ರ ಅದನ್ನು ಭುಜದ ಮೇಲೆ ಸರಿಸಿದರಾಯಿತು. ಮೈ ಬಿಟ್ಟು ಹೋಗುವುದಿಲ್ಲ, ಚಿತ್ರವೂ ಕೆಡುವುದಿಲ್ಲ. ಈಗ ನಮ್ಮ ಸೆಂಟರಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ.

ಸೊಸೆ ಶೈಲಾ ಪ್ರಾಥಮಿಕ ಶಾಲೆಯ ಟೀಚರು. ಮೂವತ್ತು ದಾಟಿಲ್ಲ, ಗಾಳಿ ಬಂದರೆ ಹಾರುವಂಥ ಮೈ. ಶಾಲೆಯ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದಂತೆ. ಅಫ್ಸಾನಾ ನಾಡಿ ಇಳಿಸುವ ಗುಳಿಗೆ ಕೊಟ್ಟು ಕೂಡಿಸಿದ್ದಳು. ಮಲಗಿಸಿ, ಬಲಗೈಗೆ ಔಷಧದ ಸೂಜಿ ಹಾಕಿ, ಎರಡೂ ಕೈ ತಲೆಯ ಮೇಲಕ್ಕೆ ಎತ್ತಿಸಿದೆ. ಹೊರಗೆ ಗದ್ದಲ. ಗಡಿಬಿಡಿಯಲ್ಲಿ ಕರಡಿಗೆಯನ್ನು ಭುಜದ ಮೇಲೆ ಸರಿಯಾಗಿ ಕೂಡಿಸಲಿಲ್ಲ. ಮಶೀನು "ಉಸಿರು ಹಿಡಿದುಕೊಳ್ಳಿ" ಅಂದಿತು. ಗಾಜಿನಾಚೆ ಅದು ಜಾರಿದ್ದನ್ನು ನಾನು ಕಣ್ಣಾರೆ ಕಂಡೆ. ಶೈಲಾ ಬೆಚ್ಚಿ ಭುಜ ಎತ್ತಿದಳು, ಅಷ್ಟೇ. ಒಂದು ರಕ್ತನಾಳದ ಬುಡ ಕದಡಿದ ನೀರಿನ ಹಾಗೆ ಬಂತು.

ನಮ್ಮ ಸೆಂಟರಿನ ದತ್ತಾತ್ರೇಯ ಡಾಕ್ಟರು ಬಂದು ಚಿತ್ರ ನೋಡಿದರು. "ಏನಾತ್ರಿ ಇದು?"

"ಉಸಿರು ಬಿಟ್ರು ಸರ್" ಅಂದೆ. ಬಾಯಿ ತಾನೇ ಅಂದಿತು. ಶೈಲಾಳನ್ನು ಎಬ್ಬಿಸುವಾಗ ಅವಳಿಗೂ ಅದನ್ನೇ ಕೇಳಿದೆ, "ನಡುವ ಉಸಿರು ಬಿಟ್ಟಿರೇನ್ರಿ?" ಪಾಪ, ಹೆದರಿ "ಬಿಟ್ಟಿರಬೇಕ್ರಿ ಅಕ್ಕಾರ" ಅಂದಳು. ಅವಳೇ ಒಪ್ಪಿಕೊಂಡಳಲ್ಲ, ಇನ್ನೇನು? ಇಂದ್ರಾಬಾಯಿ ಹೋಗುವಾಗ ಡಬ್ಬಿ ತುಂಬ ಶೇಂಗಾದುಂಡಿ ಕೊಟ್ಟು ಹೋದರು. ಮನೆಯಲ್ಲಿ ನಮ್ಮ ಯಜಮಾನರು ನಾಲ್ಕು ತಿಂದು ಚಲೋ ಆಗ್ಯಾವ ಅಂದರು. ನಾನು ತಿನ್ನಲಿಲ್ಲ, ಹಸಿವಿರಲಿಲ್ಲ.

೧ ಆಗಸ್ಟ್, ಶುಕ್ರವಾರ

ಶೈಲಾಳ ರಿಪೋರ್ಟ್ ಹೋಯಿತು. ಕೊನೆಯಲ್ಲಿ ಒಂದು ಸಾಲು: ರೋಗಿ ಉಸಿರು ಬಿಟ್ಟ ಕಾರಣ ಒಂದು ನಾಳದ ಉಗಮ ಸ್ಪಷ್ಟವಿಲ್ಲ. ಆ ಸಾಲನ್ನು ಯಾರು ಓದುತ್ತಾರೆ? ಡಾಕ್ಟರು ಡಾಕ್ಟರಿಗೆ ಬರೆದದ್ದು.

೫ ಆಗಸ್ಟ್, ಮಂಗಳವಾರ

ಮಶೀನಿನ ಕಂಪನಿಯಿಂದ ಶಿರೀಷ ಅಂತ ಒಬ್ಬ ಬಂದಿದ್ದಾನೆ, ಧಾರವಾಡದ ಹುಡುಗ. ರೋಗಿಯ ಮೈಗೆ ಹೋಗುವ ಎಕ್ಸ್-ರೇ ಕಿರಣ ಕಡಿಮೆ ಮಾಡುವುದನ್ನು ಕಲಿಸುತ್ತಾನಂತೆ. ಇಷ್ಟು ವರ್ಷ ನಾವು ಇಲ್ಲಿ ಕತ್ತೆ ಕಾಯುತ್ತಿದ್ದೆವು ಅನ್ನೋ ಹಾಗೆ.

ಆದರೂ ಹುಡುಗ ತಿಳಿಸಿ ಹೇಳುತ್ತಾನೆ. ನಾಡಿ ನಿಧಾನ ಇದ್ದರೆ ಎರಡು ಬಡಿತದ ನಡುವೆ ಹೃದಯ ಒಂದು ಕ್ಷಣ ಸುಮ್ಮನಿರುತ್ತದೆ, ಆ ಕ್ಷಣಕ್ಕಷ್ಟೇ ಕಿರಣ ಬಿಟ್ಟರೆ ಸಾಕು. ಉಳಿದ ಹೊತ್ತು ಮಶೀನು ಬಾಯಿ ಮುಚ್ಚಿಕೊಂಡಿರಲಿ. ಗುಳಿಗೆ ಕೊಟ್ಟ ಮೇಲೆ ನಾಡಿ ಇಳಿಯುವ ತನಕ ಕಾಯಿರಿ, ಅವಸರ ಮಾಡಿ ಬಡಿತದ ಉದ್ದಕ್ಕೂ ಕಿರಣ ಸುರಿಯಬೇಡಿ. ತೆಳ್ಳಗಿನವರಿಗೆ ಕಿರಣದ ಜೋರು ಇಳಿಸಿರಿ. ಹೃದಯವಿದ್ದಷ್ಟೇ ಜಾಗ ತೆಗೆಯಿರಿ, ಗಂಟಲಿನಿಂದ ಹೊಟ್ಟೆಯ ತನಕ ಬೇಡ. ಅದರಲ್ಲೂ ಸಣ್ಣ ವಯಸ್ಸಿನ ಹೆಣ್ಣುಮಕ್ಕಳಿಗೆ ಎದೆಯ ಮೇಲೆ ಬಿದ್ದ ಕಿರಣ ಮುಂದೆ ಯಾವಾಗಲೋ ಕೆಟ್ಟದ್ದು ಮಾಡಬಹುದು. ಆಗುತ್ತದೆಂದಲ್ಲ. ಬೇಡದ್ದನ್ನು ಯಾಕೆ ಕೊಡಬೇಕು, ಅಷ್ಟೇ.

ಆಮೇಲೆ ನಮ್ಮ ಹಳೆಯ ಸ್ಕ್ಯಾನುಗಳನ್ನು ತೆಗೆದು ನೋಡಿ ತಲೆ ಕೆರೆದುಕೊಂಡ. "ಅಕ್ಕಾರ, ಇಬ್ಬರೂ ಹೆಣ್ಣಮಕ್ಕಳು, ಒಂದ ತೂಕ, ಒಂದ ನಾಡಿ. ಒಬ್ಬರಿಗೆ ಇಷ್ಟ್ಯಾಕ ಜಾಸ್ತಿ ಹೋಗೇದ?"

"ಮಶೀನ್ ನಿಮ್ಮದು, ಅದನ್ನ ಕೇಳ್ರಿ" ಅಂದೆ.

ಅವನು ನಕ್ಕ. "ಮಶೀನ್ ತಾ ಕಂಡಿದ್ದಕ್ಕ ತಕ್ಕಾಂಗ ಬಿಡ್ತದ್ರಿ. ಮೊದಲನೇ ಚಿತ್ರದಾಗ ಮೈ ದಪ್ಪ ಕಂಡ್ರ ಜಾಸ್ತಿ, ತೆಳ್ಳಗ ಕಂಡ್ರ ಕಡಿಮಿ."

ಮೊದಲನೇ ಚಿತ್ರದಾಗ. ಮನೆಗೆ ಬಂದ ಮೇಲೂ ಆ ಮಾತು ಬಿಡುತ್ತಿಲ್ಲ.

೬ ಆಗಸ್ಟ್, ಬುಧವಾರ

ಎಲ್ಲರೂ ಊಟಕ್ಕೆ ಹೋದಾಗ ಒಬ್ಬಳೇ ಕೂತು ನೋಡಿದೆ. ಜಾಸ್ತಿ ಹೋದವರೆಲ್ಲರ ಮೊದಲ ಚಿತ್ರದಲ್ಲೂ ಎದೆಯ ನಡುವೆ ಒಂದು ಬಿಳಿ ಗುಂಡು. ಬೆಳ್ಳಿ ಕರಡಿಗೆ. ನಾನೇ ಇರಲಿ ಬಿಡಿ ಅಂದದ್ದು.

ಮಶೀನಿಗೆ ಲಿಂಗ ಏನು ಗೊತ್ತು? ಬೆಳ್ಳಿ ಕಂಡಿತು, ಇಲ್ಲಿ ಮೈ ಭಾಳ ದಪ್ಪ ಅದ ಅಂತ ತಿಳಿಯಿತು, ಹೆಚ್ಚು ಕಿರಣ ಲೆಕ್ಕ ಹಾಕಿ ಇಟ್ಟುಕೊಂಡಿತು. ಆಮೇಲೆ ನಾನು ಕರಡಿಗೆಯನ್ನು ಭುಜಕ್ಕೆ ಸರಿಸಿದರೇನು, ಅದು ಹಾಕಿದ ಲೆಕ್ಕ ಹಾಕಿಯೇ ಇತ್ತು. ಬರಿ ಎದೆಯ ಮೇಲೆ, ಬೆಳ್ಳಿಗೆಂದು ಎತ್ತಿಟ್ಟದ್ದೆಲ್ಲ ಸುರಿಯಿತು.

ಅಫ್ಸಾನಾಳ ಸೋದರತ್ತೆಗೆ ಸರಿಯಾದ ಅಳತೆ ಹೋಗಿದೆ. ದತ್ತಾತ್ರೇಯ ಡಾಕ್ಟರ ತಾಯಿಗೆ ಸರಿಯಾದ ಅಳತೆ. ನನ್ನ ಹೆಸರು ಹಿಡಿದು ಹುಡುಕಿಕೊಂಡು ಬಂದವರಿಗೆ, ಕೈಮುಗಿದು ಹೋದವರಿಗೆ, ಉಂಡಿ ಕೊಟ್ಟವರಿಗೆ ಮಾತ್ರ ಹೆಚ್ಚಿನದು. ಶೈಲಾಳದ್ದೂ ನೋಡಿದೆ. ಅಷ್ಟು ತೆಳುವಾದ ಮೈಯಲ್ಲಿ ಆ ಗುಂಡು ಹುಣ್ಣಿಮೆಯ ಚಂದ್ರನಷ್ಟು ಬೆಳ್ಳಗಿತ್ತು.

ಯಾರೂ ನನಗೆ ಹೇಳಿಕೊಡಲಿಲ್ಲ ಅಂತ ಬರೆಯಬೇಕೆಂದು ಕೂತೆ. ಖರೆ ಹೇಳಬೇಕೆಂದರೆ ನಾನೂ ಯಾರನ್ನೂ ಕೇಳಲಿಲ್ಲ.

೮ ಆಗಸ್ಟ್, ಶುಕ್ರವಾರ

ಶಿರೀಷ ಹೋದ. ಬೆಳ್ಳಿಯ ಸಂಗತಿ ಅವನಿಗಾಗಲಿ ಡಾಕ್ಟರಿಗಾಗಲಿ ಹೇಳಲಿಲ್ಲ. ಇವತ್ತು ಮತ್ತಿಬ್ಬರಿಗೆ ಹಳೆಯ ಪದ್ಧತಿಯಲ್ಲೇ ಮಾಡಿದೆ. ಗೊತ್ತಿದ್ದೂ ಮಾಡಿದೆ. ನಾಚಿಕೆ ಆಗಬೇಕು ನನಗೆ.

೧೧ ಆಗಸ್ಟ್, ಸೋಮವಾರ

ಮಧ್ಯಾಹ್ನ ಇಂದ್ರಾಬಾಯಿ ಫೋನು. ಹುಬ್ಬಳ್ಳಿಯ ದೊಡ್ಡ ಡಾಕ್ಟರು ಆ ನಾಳದ ಬುಡ ಕಾಣದೆ ಆಪರೇಶನ್ ಬೇಕೋ ಬೇಡವೋ ಹೇಳಲಿಕ್ಕಾಗದು, ಮತ್ತೊಮ್ಮೆ ತೆಗೆಸಿರಿ ಅಂದರಂತೆ. ಆ ಸಾಲನ್ನೂ ಓದಿ ಹೇಳಿದರಂತೆ. ಯಾರು ಓದುತ್ತಾರೆ ಅಂದಿದ್ದೆ.

"ಒಂದ್ ಉಸಿರು ಹಿಡಿಯಾಕ ಬರಾಂಗಿಲ್ಲಂದ್ರ ಏನ್ ಹೇಳೂದ್ರಿ ಇಕಿಗೆ?" ಅಂದರು ಇಂದ್ರಾಬಾಯಿ. "ನಾನೂ ಬೈದೆ, ನನ್ನ ಮಗಾನೂ ಬೈದ. ಬೇವೂರಾಗ ಅವರವ್ವಗ ಫೋನ್ ಹಚ್ಚಿ, ಎಂಥಾ ಮಗಳನ್ನ ಬೆಳಸೀರಿ ಅಂತನೂ ಕೇಳೇನಿ. ಈಗ ನೋಡ್ರಿ, ರೊಟ್ಟಿ ಬಡಿಯೂಮುಂದ ಮೂಗು ಹಿಡಕೊಂಡು ನಿಂತಿರ್ತಾಳ. ಸಾಲ್ಯಾಗ ಮಕ್ಕಳ ಕಡೆ ಎಣಸಾಕ ಹಚ್ಚಿ ಉಸಿರು ಹಿಡೀತಾಳಂತ. ಈ ಸಲ ತಪ್ಪಾಂಗಿಲ್ರಿ ಮೇಡಮ್ಮಾರ, ನಾ ಗ್ಯಾರಂಟಿ."

ಹೂಂ ಅಂದೆ. ಬರೀ ಹೂಂ. ಫೋನು ಇಟ್ಟ ಮೇಲೆ ಅಫ್ಸಾನಾ "ಯಾಕಕ್ಕಾ, ಮುಖ ಹಿಂಗ್ಯಾಕ ಆತು?" ಅಂದಳು. ತಲೆನೋವು ಅಂದೆ. ಹೃದಯದ ರೋಗ ಇರುವ ಹುಡುಗಿ, ಒಲೆಯ ಮುಂದೆ ಉಸಿರು ಕಟ್ಟಿ ನಿಲ್ಲುತ್ತಾಳೆ. ನನ್ನ ಸಲುವಾಗಿ.

೧೩ ಆಗಸ್ಟ್, ಬುಧವಾರ

ಅರ್ಧ ಹೇಳಿದೆ. ಬೆಳ್ಳಿಯ ಸಂಗತಿ ಡಾಕ್ಟರಿಗೆ ತಿಳಿಸಿ, ಚಿತ್ರ ತೆಗೆದು ತೋರಿಸಿದೆ. ಇನ್ನರ್ಧ, ಉಸಿರಿನ ಮಾತು ನನ್ನ ಸುಳ್ಳು ಅನ್ನುವುದನ್ನು, ಹೇಳಲಿಲ್ಲ.

ದತ್ತಾತ್ರೇಯ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಯಾರಿಗೂ ಮಿತಿ ಮೀರಿ ಹೋಗಿಲ್ಲ ಭುವನೇಶ್ವರಿ. ಆದ್ರ ಬೇಡಾಗಿದ್ದಂತೂ ಹೋಗೇದ. ನಾನೂ ನೋಡಬೇಕಿತ್ತು. ಇನ್ನ ಮುಂದ ಮೊದಲನೇ ಚಿತ್ರಕ್ಕಿಂತ ಮದ್ಲ ಲಿಂಗ ತಗಸ್ರಿ, ಮುಗೀತು." ಅವರಿಗೆ ಮುಗಿಯಿತು.

ಮಧ್ಯಾಹ್ನ ಬಾದಾಮಿ ಕಡೆಯ ರಾಚಯ್ಯ ಅನ್ನುವ ಹಿರಿಯರು ಬಂದರು. ಎರಡು ಹೆಜ್ಜೆ ಇಟ್ಟರೆ ಎದೆ ಒತ್ತಿಕೊಳ್ಳುತ್ತಿದ್ದರು. ಅಜ್ಜಾರ, ಲಿಂಗ ತೆಗೆದು ಈ ತಟ್ಟೆಯಲ್ಲಿ ಇಡ್ರಿ ಅಂದೆ. ಸ್ಟೀಲಿನ ತಟ್ಟೆಯನ್ನೊಮ್ಮೆ, ನನ್ನ ಕೊರಳನ್ನೊಮ್ಮೆ ನೋಡಿದರು.

"ನಿನ್ನ ಕೊರಳಾಗೂ ಐತಲ್ಲವ್ವ. ನೀ ಇಟ್ಟಿಯೇನು ಇದರಾಗ?"

ತಟ್ಟೆ ಕೆಳಗಿಟ್ಟೆ. ಅವರು ಸಿಟ್ಟಾಗಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡು, ಮಗನ ಹೆಗಲ ಮೇಲೆ ಕೈಯಿಟ್ಟು ಎದ್ದು ಹೋದರು. ಅಫ್ಸಾನಾ ಗೇಟಿನ ತನಕ ಹಿಂದೆಯೇ ಹೋಗಿ ಕರೆದಳು. ಬರಲಿಲ್ಲ. ಹೆಚ್ಚು ಕೊಡುವುದು ತಪ್ಪಿಸಲಿಕ್ಕೆ ಹೋಗಿ ಏನೂ ಕೊಡದೆ ಕಳಿಸಿದೆ. ದಾರಿಯಲ್ಲಿ ಅವರಿಗೇನಾದರೂ ಆದರೆ?

೧೭ ಆಗಸ್ಟ್, ಭಾನುವಾರ

ಬೆಳಿಗ್ಗೆ ಮಾಡಲು ಏನೂ ತೋಚದೆ ಪೂಜೆಗೆ ಕೂತೆ. ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡು ಎಷ್ಟು ದಿನವಾಗಿತ್ತೋ. ಬಿಲ್ವಪತ್ರಿ ಏರಿಸಿ ಸುಮ್ಮನೆ ನೋಡುತ್ತ ಕೂತೆ. ಮಂತ್ರ ಅರ್ಧಕ್ಕೆ ಮರೆತು ಹೋಗಿತ್ತು. ತಪ್ಪಾಯಿತು ಅಂತ ಹೇಳಿಕೊಳ್ಳುವಾಗ ಕೈ ತಾನಾಗಿ ಮೇಲಕ್ಕೆ ಬಂತು, ಹಣೆಯ ಹತ್ತಿರ.

ಆಗ ಹೊಳೆಯಿತು. ಎಡಗೈ! ಲಿಂಗ ಇರಬೇಕಾದ ಜಾಗವೇ ಅದು. ನಮ್ಮ ಸ್ಕ್ಯಾನಿನಲ್ಲಿ ಎರಡೂ ಕೈ ತಲೆಯ ಮೇಲಕ್ಕೆ ಹೋಗುತ್ತವೆ, ಸೂಜಿ ಇರುವುದು ಬಲಗೈಯಲ್ಲಿ, ಎಡಗೈ ಖಾಲಿ. ಕೊರಳಿಂದ ತೆಗೆದು ಅಂಗೈಯಲ್ಲಿಟ್ಟು ಶಿವದಾರವನ್ನು ಮಣಿಕಟ್ಟಿಗೆ ಸುತ್ತಿದರೆ ಜಾರುವುದಿಲ್ಲ. ಮೈ ಬಿಟ್ಟು ಹೋಗುವುದಿಲ್ಲ. ಮೊದಲ ಚಿತ್ರಕ್ಕೂ ಕಾಣುವುದಿಲ್ಲ, ಕೊನೆಯದಕ್ಕೂ ಕಾಣುವುದಿಲ್ಲ. ಹಾಸಿಗೆಯ ಮೇಲೆ ಮಲಗಿ, ಕೈ ಮೇಲೆತ್ತಿ ನೋಡಿದೆ. ಇವರು ಬಾಗಿಲಲ್ಲಿ ನಿಂತು "ಏನ್ ನಡಸೀ?" ಅಂದರು. ಕೆಲಸ ಅಂದೆ.

ದಿನಾ ಹತ್ತು ನಿಮಿಷ ಕೂತಿದ್ದರೆ ಎಷ್ಟೋ ವರ್ಷ ಮೊದಲೇ ಹೊಳೆಯುತ್ತಿತ್ತು.

ಲಿಂಗಕ್ಕೇನೋ ಜಾಗ ಸಿಕ್ಕಿತು. ಆ ಇನ್ನೊಂದು ಅರ್ಧ ಎಲ್ಲಿಡಲಿ?

೧೮ ಆಗಸ್ಟ್, ಸೋಮವಾರ

ಹುನಗುಂದದ ಒಬ್ಬ ಅಮ್ಮನಿಗೆ ಹೊಸ ರೀತಿಯಲ್ಲಿ ಮಾಡಿದೆವು. ಖುಷಿಯಿಂದ ಅಂಗೈಯಲ್ಲಿ ಹಿಡಿದು ಮಲಗಿದರು. ಕಿರಣ ಎಷ್ಟಿರಬೇಕೋ ಅಷ್ಟೇ ಹೋಯಿತು. ಡಾಕ್ಟರು ಎಲ್ಲರ ಮುಂದೆ "ಶಾಭಾಸ್ ಭುವನೇಶ್ವರಿ" ಅಂದರು. ಮುಖ ಎತ್ತಲಿಕ್ಕೆ ಆಗಲಿಲ್ಲ. ರಾಚಯ್ಯನವರ ಮಗನಿಗೆ ಫೋನು ಮಾಡಿ ವಿವರಿಸಿದೆ, ಕೇಳಿ ಹೇಳುತ್ತೇನೆ ಅಂದ. ಬುಧವಾರ ಶೈಲಾ ಬರುತ್ತಾಳೆ.

೨೦ ಆಗಸ್ಟ್, ಬುಧವಾರ

ಪೂಜೆ ಮುಗಿಸಿ ಎರಡನೇ ಬಸ್ಸಿಗೆ ಹೋದೆ.

ಶೈಲಾ ಬರುವ ಮೊದಲೇ ಹೇಳಿಬಿಡಬೇಕು ಅಂದುಕೊಂಡಿದ್ದೆ. ಬಂದ ಮೇಲೆ, ಈಗ ಹೇಳಿದರೆ ನಾಡಿ ಏರೀತು, ಸ್ಕ್ಯಾನ್ ಆದ ಮೇಲೆ ಹೇಳೋಣ ಅಂದುಕೊಂಡೆ. ನೆವ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹುಡುಗಿ ಇನ್ನೂ ಸೊರಗಿದ್ದಳು. "ಈ ಸಲ ನಿಮಗ ತ್ರಾಸ ಕೊಡೂದಿಲ್ರಿ ಅಕ್ಕಾರ. ಭಾಳ ಪ್ರ್ಯಾಕ್ಟೀಸ್ ಮಾಡೇನಿ" ಅಂದಳು. ಅಫ್ಸಾನಾ ಗುಳಿಗೆ ಕೊಟ್ಟಳು. ನಾಡಿ ಪೂರ್ತಿ ಇಳಿಯುವ ತನಕ ಕಾದೆವು. ಹೊರಗಿನವರು ಗೊಣಗಿದರು, ಗೊಣಗಲಿ.

ಕರಡಿಗೆಯನ್ನು ಅವಳ ಎಡಗೈಯಲ್ಲಿಟ್ಟು ದಾರ ಸುತ್ತಿದೆ. ಬಾಗಿಲಲ್ಲಿ ನಿಂತಿದ್ದ ಇಂದ್ರಾಬಾಯಿ ಅದನ್ನು ನೋಡಿ ತಾವೂ ಕೈಮುಗಿದರು. ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಕಿರಣದ ಜೋರು ಇಳಿಸಿದೆ, ಹೃದಯದಷ್ಟೇ ಜಾಗ ಗುರುತು ಮಾಡಿದೆ. ಮಶೀನು ಉಸಿರು ಹಿಡಿದುಕೊಳ್ಳಿ ಅಂದಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ನಾಳದ ಬುಡ ಕೈಯಲ್ಲಿ ಬರೆದಷ್ಟು ಸ್ಪಷ್ಟ. ಕಿರಣ ಮೊದಲಿನದರ ಕಾಲು ಭಾಗವೂ ಇಲ್ಲ. ಮೊದಲ ಸಲವೇ ಇಷ್ಟರಲ್ಲಿ ಮುಗಿಯುತ್ತಿತ್ತು.

ಮಶೀನು "ಉಸಿರು ಬಿಡಿ" ಅಂದಿತು. ಶೈಲಾ ಬಿಡಲಿಲ್ಲ.

ಗಾಜಿನಾಚೆ ನೋಡಿದೆ. ಕಣ್ಣು ಬಿಗಿ ಮುಚ್ಚಿ, ತುಟಿ ಒಳಗೆಳೆದುಕೊಂಡು, ಲಿಂಗ ಹಿಡಿದ ಮುಷ್ಟಿ ಅದುರುತ್ತಿತ್ತು. ಮೈಕಿನಲ್ಲಿ ಅಂದೆ, ಬಿಡಲಿಲ್ಲ. ಒಳಗೆ ಓಡಿದೆ. "ಮುಗೀತವ್ವ, ಬಿಡು, ಉಸಿರು ಬಿಡು!" ಗಲ್ಲ ತಟ್ಟಿದೆ. ಆಗ ಬಿಟ್ಟಳು. ಏದುಸಿರಿನಲ್ಲೇ ಕೇಳಿದಳು: "ಪೂರಾ ಮುಗೀತನ್ರಿ? ಖರೇನ? ಮತ್ತ ನನ್ನಿಂದ ಕೆಟ್ಟಿಲ್ಲಲ್ರಿ?"

ಇನ್ನು ತಡೆಯಲಿಕ್ಕೆ ಆಗಲಿಲ್ಲ. ಅವಳ ಕೈ ಹಿಡಿದು ಹೇಳಿದೆ. ಹೋದ ಸಲವೂ ನೀನು ಉಸಿರು ಬಿಟ್ಟಿರಲಿಲ್ಲ. ಲಿಂಗ ಜಾರಿತು, ಜಾರುವ ಹಾಗೆ ಇಟ್ಟವಳು ನಾನು. ಕಂಡೂ ನಿನ್ನ ಮೇಲೆ ಹಾಕಿದೆ. ಅದರ ಮೇಲೆ, ನನ್ನ ಪದ್ಧತಿಯಿಂದ ನಿನ್ನ ಮೈಗೆ ಬೇಕಾದ್ದಕ್ಕಿಂತ ಹೆಚ್ಚು ಕಿರಣ ಹೋಯಿತು. ಅವಳು ಕೈ ಬಿಡಿಸಿಕೊಂಡಳು. ಆಮೇಲೆ "ನಾ ಬಿಟ್ಟಿಲ್ಲ ಅಂತ ನನಗ ಅನಸ್ತಿತ್ರಿ" ಅಂದು ಗೋಡೆಯ ಕಡೆ ಹೊರಳಿ ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಾಕ್ಟರ ಹತ್ತಿರ ಹೋಗಿ ಅದನ್ನೇ ಹೇಳಿದೆ. ಕನ್ನಡಕ ತೆಗೆದು ನನ್ನನ್ನು ನೋಡಿದರು. ಹಳೆಯ ರಿಪೋರ್ಟಿನ ಸಾಲು ಹೊಡೆದು ಹಾಕಿ, ಸಿಬ್ಬಂದಿಯ ತಪ್ಪು ಅಂತ ಬರೆದರು. ನಾಳೆ ಕೂತು ಮಾತಾಡೋಣ ಅಂದರು. ಏನು ಮಾತಾಡುತ್ತಾರೋ ಗೊತ್ತಿಲ್ಲ.

ಹೊರಗೆ ಜನ ಕಾಯುವ ಹಾಲ್‌ನಲ್ಲಿ ಇಂದ್ರಾಬಾಯಿಗೆ ಹೇಳಿದಾಗ ಅವರು ಕೂಗಾಡಲಿಲ್ಲ. ಸೊಸೆಯ ಮುಖ ನೋಡಿದರು, ಸೆರಗಿನಿಂದ ತಮ್ಮ ಬಾಯಿ ಒರೆಸಿಕೊಂಡರು. "ನಾ ಏನೇನ್ ಅಂದೆನಲ್ಲವ್ವ ಇಕಿಗೆ" ಅಂದರು. ಆಮೇಲೆ ಚೀಲದಿಂದ ಫೋನು ತೆಗೆದರು. "ನನಗಷ್ಟ ಹೇಳಿದ್ರ ನಡ್ಯಾಂಗಿಲ್ಲ. ಯಾರ್ಯಾರು ಅಂದಾರ, ಅವರಿಗೆಲ್ಲಾ ಹೇಳಬೇಕು ನೀವು."

ಮೊದಲು ಮಗನಿಗೆ ಹಚ್ಚಿದರು. ಹೇಳಿದೆ. ಅವನು "ಹಂಗಾರ ಅಕಿದು ತಪ್ಪಿಲ್ಲೇನ್ರಿ?" ಅಂತ ಎರಡು ಸಲ ಕೇಳಿದ, ಎರಡು ಸಲವೂ ಇಲ್ಲ ಅಂದೆ. ಆಮೇಲೆ ಬೇವೂರಿಗೆ, ಶೈಲಾಳ ತಾಯಿ ಹುಚ್ಚವ್ವನಿಗೆ. ಆಕೆಗೆ ಕಿವಿ ಮಂದ. "ಯಾರು? ಏನಂತ?" ಅನ್ನುತ್ತಾಳೆ, ಕೇಳಿಸುವುದಿಲ್ಲ. "ಜೋರ ಹೇಳ್ರಿ" ಅಂದರು ಇಂದ್ರಾಬಾಯಿ. ಹಾಲ್ ತುಂಬ ಜನ. ಹೊರಗೆ ಹೋಗಿ ಮಾತಾಡುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ.

"ಅವ್ವಾರ, ನಿಮ್ಮ ಮಗಳು ಉಸಿರು ಬಿಟ್ಟಿಲ್ರಿ! ತಪ್ಪು ನಂದು! ನಾ ಸುಳ್ಳ ಹೇಳಿದ್ದೆ! ನಿಮ್ಮ ಮಗಳದೇನೂ ತಪ್ಪಿಲ್ಲ!"

ಆ ಕಡೆಯಿಂದ ಮುದುಕಿಯ ದನಿ, ಎಲ್ಲರಿಗೂ ಕೇಳುವ ಹಾಗೆ: "ನನಗ ಗೊತ್ತಿತ್ತವ್ವ. ಬಾಂವ್ಯಾಗ ಈಜು ಕಲಸಿದಾಕಿ ನಾ. ಉಸಿರು ಹಿಡಿಯೂದು ನನ್ನ ಮಗಳಿಗೆ ಬರತೈತಿ."

ಶೈಲಾ ಅಳುತ್ತಲೇ ನಕ್ಕುಬಿಟ್ಟಳು. ಇಂದ್ರಾಬಾಯಿ ಫೋನು ಚೀಲದಲ್ಲಿ ಹಾಕಿ ಸೊಸೆಯ ಕೈ ಹಿಡಿದು ಎಬ್ಬಿಸಿದರು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಜನ ನನ್ನನ್ನೇ ನೋಡುತ್ತಿದ್ದರು. ಇನ್ನು ನನ್ನ ಕೈಯಲ್ಲಿ ಯಾರು ಮಾಡಿಸಿಕೊಳ್ಳುತ್ತಾರೆ ಅಂದುಕೊಂಡು, ಮುಂದಿನವರು ಬರ್ರಿ ಅಂತ ಕೂಗಿದೆ. ಮೂಲೆಯ ಬೆಂಚಿನಿಂದ ಮಗನ ಹೆಗಲು ಹಿಡಿದು ಎದ್ದವರು ರಾಚಯ್ಯನವರು. ಯಾವಾಗ ಬಂದು ಕೂತಿದ್ದರೋ. ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ನಿಧಾನಕ್ಕೆ ನನ್ನ ಮುಂದೆ ಬಂದು ನಿಂತು, ಅಂಗಿಯ ಗುಂಡಿ ಬಿಚ್ಚಿ, ಕೊರಳಿಗೆ ಕೈ ಹಾಕಿದರು.

"ಯಾವ ಕೈಯಾಗ ಅಂದಿ ತಂಗಿ?"